ಮಹಾಬಳೇಶ್ವರನಿಗೆ ಸಲಾಯಿನ್

ಗಿಡಕ್ಕೆ ನೀರು ಹಾಕುವುದೂ ಕಲಿಯಬೇಕಾದ ವಿದ್ಯೆ ಎಂದು ಕಾರಕೂನ ನಾಮದೇವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವನು ನಗುತ್ತಿದ್ದ. ತಂಬಿಗೆಯಲ್ಲಿ ನೀರಿದೆ, ಕುಂಡದಲ್ಲಿ ಗಿಡವಿದೆ, ತಂಬಿಗೆ ಬಗ್ಗಿಸಿದರೆ ನೀರು ಬೀಳುತ್ತದೆ. ಇದರಲ್ಲಿ ವಿದ್ಯೆ ಎಲ್ಲಿಂದ ಬಂತು? ಸರಕಾರಿ ಕಚೇರಿಯಲ್ಲಿ ಅರ್ಧ ಆಯುಷ್ಯ ಕೂತು ಕಳೆದವನಿಗೆ, ಮೇಲಿನಿಂದ ಸುರಿದದ್ದು ಎಲ್ಲರಿಗೂ ತಾನಾಗಿಯೇ ಮುಟ್ಟುತ್ತದೆ ಎಂಬ ನಂಬಿಕೆ ಗಟ್ಟಿಯಾಗಿಯೇ ಇತ್ತು.

ಆ ನಂಬಿಕೆ ಒಂದು ರವಿವಾರ ಬೆಳಿಗ್ಗೆ ಅವನ ಹಿತ್ತಲಿನಲ್ಲಿ ಕುತ್ತಿಗೆ ಚೆಲ್ಲಿ ಬಿದ್ದಿತ್ತು.

“ರೀ, ಏಳ್ರಿ ಮೊದಲ!” ಹೆಂಡತಿ ಶೇವಂತಿ ಕಸಬರಿಗೆ ಹಿಡಿದುಕೊಂಡೇ ಒಳಗೆ ಬಂದಳು. “ನಿಮ್ಮ ಮಹಾಬಳೇಶ್ವರಂದು ಮುಗೀತು ಕಾಣಸ್ತೈತಿ.”

ನಾಮದೇವ ಹಾಸಿಗೆಯಿಂದ ಎದ್ದವನು ಧೋತರದ ಚುಂಗು ಸಾವರಿಸಿಕೊಳ್ಳುತ್ತ ಹಿತ್ತಲಿಗೆ ಓಡಿದ. ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಮಣ್ಣಿನ ಕುಂಡ ಇತ್ತು. ಕುಂಡದಲ್ಲಿ ಗಿಡವೂ ಇತ್ತು. ಆದರೆ ನಿನ್ನೆಯವರೆಗೆ ಅಂಗೈಯಗಲ ಬಿಚ್ಚಿಕೊಂಡು ನಿಂತಿದ್ದ ಎಲೆಗಳೆಲ್ಲ ಇಂದು ಆಡಿನ ಕಿವಿಗಳಂತೆ ಜೋತುಬಿದ್ದಿದ್ದವು. ನಡುವಿನ ನೀಲಿ ಹೂವಿನ ಗೊಂಚಲು, ಸಾಲ ಕೇಳಲು ಬಂದ ಬೀಗರ ಮುಖದಂತೆ ನೆಲ ನೋಡುತ್ತಿತ್ತು.

ಈ ಗಿಡದ ನಿಜವಾದ ಹೆಸರು ಜಮಖಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಜಾಪುರದ ದೊಡ್ಡ ಸಾಹೇಬರ ಹೆಂಡತಿ ಮಹಾಬಳೇಶ್ವರಕ್ಕೆ ಹವಾ ಬದಲಿಸಲು ಹೋದಾಗ ತಂದದ್ದು. ತಂದು, ತಮ್ಮ ಸ್ವಂತ ಕೈಯಿಂದ ಜಮಖಂಡಿ ಕಚೇರಿಯ ಸಾಹೇಬರ ಹೆಂಡತಿ ವತ್ಸಲಾಬಾಯಿಗೆ ಕೊಟ್ಟದ್ದು. ಹಾಗಾಗಿ ಅದು ಗಿಡವಾಗಿ ಉಳಿಯದೆ ಸರಕಾರಿ ಅತಿಥಿಯಾಗಿತ್ತು. ಎಲ್ಲರೂ ಅದನ್ನು ‘ಮಹಾಬಳೇಶ್ವರ’ ಎಂದೇ ಕರೆಯುತ್ತಿದ್ದರು. ಬೇವಿನ ಗಿಡವೇ ನೆರಳು ಹುಡುಕುವ ಈ ಊರಿನ ಬಿಸಿಲಿಗೆ, ಮಂಜಿನಲ್ಲಿ ಹುಟ್ಟಿದ ಜೀವವನ್ನು ತಂದು ಕೂಡಿಸಿದವರ ಅಂತಃಕರಣವನ್ನು ಮೆಚ್ಚಲೇಬೇಕು.

ಸಾಹೇಬರು ಹೆಂಡತಿಯೊಂದಿಗೆ ಧಾರವಾಡದ ಮಗಳ ಮನೆಗೆ ಹೊರಟಾಗ ಕುಂಡವನ್ನು ನಾಮದೇವನ ಕೈಗೆ ಒಪ್ಪಿಸಿ ಒಂದು ವಾರವಾಗಿತ್ತು. ಅದೂ ಎಂಥ ಹೊತ್ತಿನಲ್ಲಿ! ಕಚೇರಿಯ ಇಬ್ಬರು ಕಾರಕೂನರಲ್ಲಿ ಒಬ್ಬನನ್ನು ಬೀಳಗಿಗೆ ವರ್ಗ ಮಾಡಬೇಕೆಂದು ಮೇಲಿನಿಂದ ಹುಕುಮು ಬಂದಿತ್ತು. ಒಂದೋ ನಾಮದೇವ, ಇಲ್ಲವೇ ಗಿರಿಮಲ್ಲಪ್ಪ. ಬೀಳಗಿಯ ಮೇಲೆ ನಾಮದೇವನಿಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಜಮಖಂಡಿಯಲ್ಲಿ ಅವನ ಸ್ವಂತ ಮನೆ ಕಚೇರಿಗೆ ಕೂಗಳತೆಯಲ್ಲಿತ್ತು. ಮಧ್ಯಾಹ್ನ ಬಂದು ಬಿಸಿ ರೊಟ್ಟಿ ತಿಂದು, ಒಂದು ಸಣ್ಣ ನಿದ್ದೆ ತೆಗೆದು, ನಾಲ್ಕಕ್ಕೆ ಮುಖ ತೊಳೆದು ಮತ್ತೆ ಸರಕಾರದ ಸೇವೆಗೆ ಹಾಜರಾಗುವ ಅನುಕೂಲ ಬೀಳಗಿಯಲ್ಲಿ ಸಿಗುವುದೆ? ಶೇವಂತಿಯಂತೂ ಒಂದೇ ಮಾತಿನಲ್ಲಿ ಮುಗಿಸಿದ್ದಳು: “ನಾ ಬರಾಂಗಿಲ್ಲ. ನೀವು ಹೋಗ್ರಿ, ಖಾನಾವಳ್ಯಾಗ ಉಣ್ರಿ. ತಿಂಗಳಿಗೊಮ್ಮಿ ಅರಿವಿ ಒಗಿಸ್ಕೊಂಡು ಹೋಗಾಕ ಬರ್ರಿ.”

“ನಾಮದೇವಾ, ಬೀಳಗಿ ವಿಚಾರ ತಿರುಗಿ ಬಂದಮ್ಯಾಲೆ ನೋಡೋಣಂತ,” ಎಂದಿದ್ದರು ಸಾಹೇಬರು ಕುಂಡ ಕೊಡುತ್ತ. “ಇದರ ಮಣ್ಣು ಮ್ಯಾಲಿಂದ ಕೆಳಗಿನ ತನಕಾ ಸಮನಾಗಿ ತೊಯ್ಯಬೇಕು ಅಂತ ದೊಡ್ಡ ಬಾಯಿಸಾಹೇಬರ ಕಟ್ಟಪ್ಪಣಿ ಅದ. ಹ್ಯಾಂಗ ತೊಯ್ಸೂದು ಅಂತ ಅವರೂ ಹೇಳಿಲ್ಲ, ನಾವೂ ಕೇಳಿಲ್ಲ.”

“ದಿನಾ ಎಷ್ಟು ನೀರು ಹಾಕ್ಲಿರಿ ಸಾಹೇಬ್ರ?”

ಉತ್ತರ ಕೊಟ್ಟವರು ವತ್ಸಲಾಬಾಯಿ: “ನಿಮಗ ತಿಳಿದಷ್ಟು ಹಾಕ್ರಿ. ಭಾಳ ಮನಸಿಗೆ ಹಚ್ಕೋಬ್ಯಾಡ್ರಿ. ಜೀವದ ವಸ್ತು, ಇರ್ತದ, ಹೋಗ್ತದ. ನಾವೇನೂ ಅನ್ನೂದಿಲ್ಲ.”

ಎಂಥ ದೊಡ್ಡ ಮನಸ್ಸು! ನಾಮದೇವನ ಕಣ್ಣಲ್ಲಿ ನೀರು ಬಂದಿತ್ತು. ಗಿರಿಮಲ್ಲಪ್ಪನನ್ನು ಬಿಟ್ಟು ತನಗೇ ಕುಂಡ ಕೊಟ್ಟಿದ್ದಾರೆಂದರೆ ಇದು ಪರೀಕ್ಷೆಯೇ ಸರಿ, ಪಾಸಾದರೆ ಜಮಖಂಡಿ ಕಾಯಂ ಎಂದು ಅವನು ಲೆಕ್ಕ ಹಾಕಿದ.

ಕಚೇರಿಯಲ್ಲಿ ಅವನ ಬಗ್ಗೆ ಬೇರೆಯದೇ ಒಂದು ಮಾತಿತ್ತು. ನಾಮದೇವನ ಟೇಬಲ್ಲಿಗೆ ಹೋದ ಕಾಗದ, ಕೃಷ್ಣೆಯಲ್ಲಿ ತೇಲಿಬಿಟ್ಟ ದೀಪ, ಎರಡೂ ತಿರುಗಿ ಬಂದದ್ದನ್ನು ಕಂಡವರಿಲ್ಲ ಎಂದು. ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸ ಅವನಿಗೆ ವಹಿಸಿದ ವಾರವೇ ಅದು ಹತ್ತೂವರೆಗೆ ನಿಂತು, ಇಂದಿಗೂ ಕಚೇರಿ ಸುರುವಾಗುವ ಹೊತ್ತನ್ನೇ ತೋರಿಸುತ್ತಿತ್ತು. ಹಿಂದಿನ ಸಾಹೇಬರು ಊರಿಗೆ ಹೋಗುವಾಗ ಕೊಟ್ಟುಹೋದ ಗಿಳಿ ಪಂಜರದ ಸಮೇತ ಕಾಣೆಯಾಗಿತ್ತು. ಇವೆಲ್ಲ ಆಯಾ ವಸ್ತುಗಳ ಹಣೆಬರಹ ಎಂದೇ ನಾಮದೇವ ತಿಳಿದಿದ್ದ.

ಇದ್ದುದರಲ್ಲಿ ಗಿಡವನ್ನು ಅವನು ನಿಷ್ಠೆಯಿಂದಲೇ ನೋಡಿಕೊಂಡಿದ್ದ. ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು. ಮೇಲೆ ಸುರಿದರೆ ಮರುಕ್ಷಣವೇ ಕೆಳಗಿನ ತೂತಿನಿಂದ ಸೊರ್‍ರೆಂದು ಹರಿದುಬರುತ್ತಿತ್ತು. “ಹೊಟ್ಟಿ ತುಂಬಿತು,” ಎಂದು ತಂಬಿಗೆ ಬೋರಲು ಹಾಕಿ ಒಳಗೆ ಬರುತ್ತಿದ್ದ.

ಈಗಲೂ ಹಾಗೆಯೇ ಒಂದು ತಂಬಿಗೆ ಸುರಿದ. ಸೊರ್‍ರೆಂದು ಕೆಳಗೆ ಬಂತು. ಇನ್ನೊಂದು ಸುರಿದ. ಅದೂ ಬಂತು.

“ಕುಡದಿದ್ದಲ್ಲರಿ ಅದು, ಬರೇ ಸೋಸಿದ್ದು,” ಎಂದಳು ಶೇವಂತಿ. ಕಸಬರಿಗೆಯ ಕಡ್ಡಿಯೊಂದನ್ನು ಕಿತ್ತು ಮಣ್ಣಿನಲ್ಲಿ ಚುಚ್ಚಿದಳು. ಕಡ್ಡಿ ಬಳುಕಿತೇ ಹೊರತು ಇಳಿಯಲಿಲ್ಲ. ಮಣ್ಣು ಒಣಗಿ, ಕುಗ್ಗಿ, ಕುಂಡದ ಗೋಡೆಯಿಂದ ಬೆರಳು ಹೋಗುವಷ್ಟು ದೂರ ಸರಿದಿತ್ತು. ಇಷ್ಟು ದಿನ ಸುರಿದ ನೀರೆಲ್ಲ ಆ ಸಂದಿಯಿಂದಲೇ ಇಳಿದುಹೋಗಿ, ನಡುವಿನ ಮಣ್ಣು ತೋಯದೆ ಉಳಿದು ಹಳೆಯ ಬೆಲ್ಲದ ಪೆಂಟೆಯಾಗಿ ಗಟ್ಟಿಗೊಂಡಿತ್ತು.

“ಸಂಜೀ ಬಸ್ಸಿಗೆ ಸಾಹೇಬ್ರು ಬರ್ತಾರಲ್ಲ!” ನಾಮದೇವ ತಲೆಯ ಮೇಲೆ ಕೈಯಿಟ್ಟ. ಅವನ ಕಣ್ಣ ಮುಂದೆ ಬೀಳಗಿಯ ಖಾನಾವಳಿ, ಅದರ ತಟ್ಟೆ, ತಟ್ಟೆಯಲ್ಲಿನ ತೆಳ್ಳನೆಯ ಸಾರು ಎಲ್ಲವೂ ಮೂಡಿಬಂದವು.

ಅವನು ದನಿ ಎತ್ತಿದ್ದೇ ತಪ್ಪಾಯಿತು. ಜಮಖಂಡಿಯ ಆ ಓಣಿಯಲ್ಲಿ ಒಬ್ಬನ ಸಂಕಟ ಒಬ್ಬನದೇ ಆಗಿ ಉಳಿಯುವ ಪದ್ಧತಿ ಇರಲಿಲ್ಲ. ಗೋಡೆಯ ಆಚೆಯಿಂದ ಮೊದಲು ಸಾತವ್ವಮುದುಕಿಯ ತಲೆ ಕಂಡಿತು.

“ಯಾಕೋ ನಾಮದೇವಾ, ಮುಂಜಾನೆದ್ದು ಹೊಯ್ಕೊಳ್ಳಾಕತ್ತಿ?”

“ಆಯೀ, ಸಾಹೇಬ್ರ ಗಿಡ ಬಾಡೇತಬೇ.”

ಸಾತವ್ವ ಗೋಡೆಯ ಕಿಂಡಿಬಾಗಿಲಿನಿಂದ ಈಚೆ ಬಂದು ಗಿಡವನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ದೃಷ್ಟಿ ಆಗೇತಿ,” ಎಂದು ತೀರ್ಪು ಕೊಟ್ಟಳು. “ಹಿಂಗ ಓಣಿ ಮಂದಿ ಮುಂದ ತುಂಬಿದ ಗಿಡಾ ಇಟ್ರ ಆಗದ ಏನ್ ಮಾಡತೈತಿ?” ಉಪ್ಪು, ಒಣಮೆಣಸಿನಕಾಯಿ ತಂದು ಗಿಡಕ್ಕೆ ನಿವಾಳಿಸಿ, ಅಲ್ಲೇ ಬದಿಯಲ್ಲಿ ಕೆಂಡದ ಮೇಲೆ ಹಾಕಿದಳು. ಘಾಟಿಗೆ ನಾಮದೇವ ಕೆಮ್ಮಿದ, ಶೇವಂತಿ ಕೆಮ್ಮಿದಳು, ಗೋಡೆಯಾಚೆ ಕಟ್ಟಿದ್ದ ಸಾತವ್ವನ ಎಮ್ಮೆಯೂ ಕೆಮ್ಮಿತು. ದೃಷ್ಟಿ ಬಿಟ್ಟ ಗಿಡ ಮೊದಲಿಗಿಂತ ಎರಡು ಎಲೆ ಹೆಚ್ಚಿಗೇ ಜೋತುಬಿತ್ತು.

ಹೊಗೆ ಕಂಡು ಬಂದವರು ಚನಮಲ್ಲಪ್ಪ ಮಾಸ್ತರರು. ಸೇವೆಯಿಂದ ನಿವೃತ್ತರಾದರೂ ಕಲಿಸುವುದರಿಂದ ನಿವೃತ್ತರಾಗದವರು. ಬೀದಿಯಲ್ಲಿ ಬುಗುರಿ ಆಡುವ ಹುಡುಗರಿಗೂ ಭೂಮಿಯ ತಿರುಗುವಿಕೆಯನ್ನು ಕಲಿಸಿ ಆಟ ಕೆಡಿಸುತ್ತಿದ್ದರು.

“ಇಲ್ಲಿ ಕೇಳು ನಾಮದೇವಾ,” ಮಾಸ್ತರರು ಮೂಗಿಗೆ ಉಪರಣೆ ಹಿಡಿದೇ ಶುರುಮಾಡಿದರು. “ನೀ ಮ್ಯಾಲಿಂದ ಸುರದದ್ದು ಗ್ವಾಡಿ ಹಿಡಕೊಂಡು ಕೆಳಗ ಹೋಗೇತಿ. ನಡುವಿನವರಿಗೆ ಹನಿ ಸುದ್ದಾ ಮುಟ್ಟಿಲ್ಲ. ಇದು ಪಂಚವಾರ್ಷಿಕ ಯೋಜನಾ ಆತು, ನೀರು ಹಾಕೂದು ಅಲ್ಲ.”

“ಮತ್ತೇನ ಮಾಡ್ಲಿರಿ ಮಾಸ್ತರ?”

“ತೂತು ಹೊಡಿ! ಸಮಾನ ಅಂತರದಾಗ, ಸಮಾನ ಆಳಕ್ಕ.”

ಮಾಸ್ತರರು ತಮ್ಮ ಮುರುಕು ಛತ್ರಿಯ ಕಡ್ಡಿಯನ್ನು ತರಿಸಿದರು. ಅಳತೆ ಹಿಡಿದು ತಾವೇ ಚುಚ್ಚತೊಡಗಿದರು. ಮೂರನೆಯ ತೂತಿಗೆ ಒಳಗಿನಿಂದ ‘ಪಟ್’ ಎಂಬ ಸದ್ದು ಬಂತು.

“ಏನ್ರಿ ಅದು?” ನಾಮದೇವನ ಜೀವವೇ ‘ಪಟ್’ ಎಂದಿತು.

“ಬೇರು ಇರಬೇಕು. ಅಡ್ಡಿಲ್ಲ, ಬೇರಿಗೇನು ಬರಗಾಲ?”

ಈಗ ಸುರಿದ ನೀರು ಗೋಡೆಯ ಸಂದಿ ಬಿಟ್ಟು ತೂತುಗಳಿಂದ ನೇರವಾಗಿ ಇಳಿದು ಇನ್ನೂ ಬೇಗ ಕೆಳಗೆ ಬಂತು. ಮಾಸ್ತರರು ಅದನ್ನು ಪ್ರಗತಿ ಎಂದು ಕರೆದರು.

ಬಿಸಿಲೇರಿತು. ಗೊಂಚಲು ಈಗ ಕುಂಡದ ಅಂಚಿಗೆ ಗಲ್ಲ ಊರಿತ್ತು. ಆಗ ಬಂದವನು ಪಾಂಡಪ್ಪ, ಡಾಕ್ಟರರೊಬ್ಬರ ದವಾಖಾನೆಯ ಕಂಪೌಂಡರ. ಡಾಕ್ಟರು ಇಲ್ಲದ ರವಿವಾರಗಳಲ್ಲಿ ಓಣಿಗೆ ಅವನೇ ಡಾಕ್ಟರು. ಗಿಡದ ಕಾಂಡವನ್ನು ಎರಡು ಬೆರಳಿನಿಂದ ಹಿಡಿದು, ಕಣ್ಣು ಮುಚ್ಚಿ, ನಾಡಿ ನೋಡಿದ.

“ಪೇಶಂಟಿಗೆ ಒಮ್ಮೆಲೇ ಕೊಡ ನೀರು ಕುಡಿಸಿದ್ರ ವಾಂತಿ ಮಾಡ್ತಾನು. ಹನಿ ಹನಿ ಹೋಗಬೇಕು. ಸಲಾಯಿನ್ ಹಚ್ಚೂನು.”

“ಲೇ ಪಾಂಡ್ಯಾ, ಅದು ಉಪ್ಪಿನ ನೀರು. ಗಿಡಾ ಉಪ್ಪಿನಕಾಯಿ ಆಗತೈತಿ!” ಎಂದರು ಮಾಸ್ತರರು.

“ಬಾಟ್ಲಿ ಅಷ್ಟ ಸಲಾಯಿನ್ದರಿ ಮಾಸ್ತರ. ನೀರು ಬಾವೀದು.”

ಅರಿವೆ ಒಣಹಾಕುವ ಗಳಕ್ಕೆ ಬಾಟಲಿ ತೂಗುಬಿತ್ತು. ನಳಿಗೆಯ ತುದಿ ಮಣ್ಣಿನಲ್ಲಿ ಊರಿತು. ಹನಿ ಬೀಳತೊಡಗಿತು, ಒಂದೇ ಜಾಗದಲ್ಲಿ, ಬೇಳೆಕಾಳಿನಷ್ಟು ಮಣ್ಣನ್ನು ಮಾತ್ರ ತೋಯಿಸುತ್ತ. ನಾಮದೇವ, ಸಾತವ್ವ, ಮಾಸ್ತರ, ಪಾಂಡಪ್ಪ ಸುತ್ತಲೂ ಕುಕ್ಕರಗಾಲಿನಲ್ಲಿ ಕೂತು, ಊರ ಹಿರಿಯರೊಬ್ಬರ ಕೊನೆಯ ಮಾತಿಗೆ ಕಾಯುವವರಂತೆ ಗಿಡದ ಮುಖ ನೋಡತೊಡಗಿದರು.

ಹಿತ್ತಲ ಗೋಡೆ ಎದೆಮಟ್ಟದ್ದು. ಬಾಟಲಿ ಗೋಡೆಗಿಂತ ಎತ್ತರದಲ್ಲಿತ್ತು. ಹಾದಿಯಲ್ಲಿ ಹೋಗುವವರಿಗೆ ಬಾಟಲಿ ಕಂಡಿತು, ಗಿಡ ಕಾಣಲಿಲ್ಲ. ಅರ್ಧ ತಾಸಿನಲ್ಲಿ ಸುದ್ದಿ ಸಂತೆಪೇಟೆ ದಾಟಿ ಹೋಯಿತು: ‘ನಾಮದೇವ ಕಾರಕೂನನ ಮನ್ಯಾಗ ಯಾರಿಗೋ ಸಲಾಯಿನ್ ಹಚ್ಯಾರಂತ. ಭಾಳ ಸೀರಿಯಸ್ಸಂತ.’

ಮುಂಬಾಗಿಲಲ್ಲಿ ದನಿ ಕೇಳಿತು. “ನಾಮದೇವಪ್ಪಾರ! ಯಾರಿಗೇನಾತ್ರಿ?”

ಅದು ಕಚೇರಿಯ ಸಿಪಾಯಿ ಹುಲೆಪ್ಪನ ದನಿ. ಹುಲೆಪ್ಪನ ಕಣ್ಣಿಗೆ ಬಿದ್ದದ್ದು ಸಾಹೇಬರ ಕಿವಿಗೆ ಬೀಳುವುದಕ್ಕೆ ನಡುವೆ ಊಟದ ವಿರಾಮವೂ ಇರುತ್ತಿರಲಿಲ್ಲ.

“ತಡೀರಿ, ಬಂದ್ವಿ!” ಎಂದು ಶೇವಂತಿ ಒಳಗಿನಿಂದಲೇ ಕೂಗಿದಳು. ನಾಮದೇವ ನಳಿಗೆ ಕಿತ್ತೆಸೆದು, ಕುಂಡವನ್ನು ಅವುಚಿಕೊಂಡು ಹಿತ್ತಲೆಲ್ಲ ಸುತ್ತಿದ. ಕಟ್ಟಿಗೆಯ ಹಿಂದೆ ಅಡಗಿಸಿದರೆ ಗೊಂಚಲು ಕಾಣುತ್ತದೆ. ಬುಟ್ಟಿ ಮುಚ್ಚಿದರೆ ಎಲೆ ಹೊರಗೆ ಬರುತ್ತದೆ. ಸಾತವ್ವನ ಎಮ್ಮೆಗೆ ನೀರು ತುಂಬಿಡುವ ಕಲ್ಲಿನ ಡೋಣಿ ಗೋಡೆಯ ಕಿಂಡಿಬಾಗಿಲಾಚೆ ಕಂಡಿತು. ನಾಮದೇವ ಹಿಂದೆ ಮುಂದೆ ನೋಡದೆ ಕುಂಡವನ್ನು ಅದರಲ್ಲಿ ಇಳಿಸಿಬಿಟ್ಟ. ನೀರು ಕುಂಡದ ಅಂಚಿನ ಮಟ್ಟಕ್ಕೆ ಬಂದು ನಿಂತಿತು. ಮೇಲೆ ಒಂದು ಹಸಿ ಗೋಣಿತಟ್ಟು ಹೊದಿಸಿದ.

“ಎಮ್ಮಿ ನೀರು ಹೊಲಸು ಮಾಡಿದೆಲ್ಲೋ, ಬಾಡಕೋ!” ಎಂದು ಸಾತವ್ವ ಬಾಯಿ ತೆಗೆದಳು. ಮಾಸ್ತರರು ಅವಳ ಕಾಲಿಗೆ ಬೀಳುವುದೊಂದನ್ನು ಬಿಟ್ಟು ಎಲ್ಲ ಮಾಡಿ ಸುಮ್ಮನಿರಿಸಿದರು.

ಇನ್ನು ಉಳಿದದ್ದು ಗಳಕ್ಕೆ ತೂಗುತ್ತಿದ್ದ ಬಾಟಲಿ. ಬಾಟಲಿ ಇದೆಯೆಂದ ಮೇಲೆ ಅದರ ಕೆಳಗೆ ಒಬ್ಬ ರೋಗಿ ಇರಲೇಬೇಕು. ನಾಮದೇವ ಒಳಗೆ ಓಡಿ ಹಾಸಿಗೆಯ ಮೇಲೆ ಬಿದ್ದುಕೊಂಡ. ಪಾಂಡಪ್ಪ ಬಾಟಲಿಯನ್ನು ತಂದು ಗೋಡೆಯ ಮೊಳೆಗೆ ಸಿಕ್ಕಿಸಿ, ನಳಿಗೆಯನ್ನು ನಾಮದೇವನ ತೋಳಿಗೆ ಅರಿವೆ ಸುತ್ತಿ ಕಟ್ಟಿದ. ಶೇವಂತಿ ಸೆರಗು ಬಾಯಿಗೆ ಹಿಡಿದು ಬಾಗಿಲು ತೆರೆದಳು. ಅವಳು ನಗು ತಡೆಯುತ್ತಿದ್ದಳು. ಹುಲೆಪ್ಪನಿಗೆ ಅದು ಅಳುವಾಗಿ ಕಂಡಿತು.

ಹುಲೆಪ್ಪ ಒಂದು ಕೈಯಲ್ಲಿ ಮೋಸಂಬಿ, ಇನ್ನೊಂದರಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಒಳಬಂದ. “ಅಯ್ಯಯ್ಯ, ನಿಮಗ ಏನ್ರಿ? ಶನಿವಾರ ಚಂದಂಗ ನಿದ್ದಿ ಮಾಡಾಕತ್ತಿದ್ರಲ್ಲರಿ ಕಚೇರ್‍ಯಾಗ?”

“ಮೈಯಾಗಿನ ನೀರು ಒಣಗೇತಿ,” ಎಂದ ಪಾಂಡಪ್ಪ ಗಂಭೀರವಾಗಿ. “ಮ್ಯಾಲ ಎಷ್ಟ ಹಾಕಿದ್ರೂ ಕೆಳಗ ಹೋಗಾಕತ್ತಿತ್ತು. ನಡುವ ಏನೂ ನಿಂದ್ರಲಿಲ್ಲ.”

“ಪಾಪ, ಪಾಪ,” ಹುಲೆಪ್ಪ ಹಾಸಿಗೆಯ ಬದಿಯಲ್ಲಿ ಕೂತ. “ಸಾಹೇಬ್ರು ಯಾರದೋ ಕಾರಿನ್ಯಾಗ ಮುಂಜಾನೇನ ಬಂದ್ರಿ. ಹೋಗಿ ಮಹಾಬಳೇಶ್ವರ ಹ್ಯಾಂಗದಾನ ನೋಡ್ಕೊಂಡ ಬಾ ಅಂದ್ರು. ಹೊಂಟೆ, ಹಾದ್ಯಾಗ ಈ ಸುದ್ದಿ ಕೇಳಿದೆ. ಎಲ್ಲೈತ್ರಿ ಕುಂಡಾ?”

“ತಂಪೊತ್ತಿನ್ಯಾಗ... ನಾನ ತರ್ತೀನಿ,” ನಾಮದೇವ ನರಳಿದ.

“ಬಾಯಾರೂ ಹಂಗ ಅಂದ್ರಿ. ಯಾವ ಪರಿಸ್ಥಿತ್ಯಾಗ ಇದ್ರೂ ಸಂಜೀಕ ತರಲಿ, ನಾವೇನೂ ಅನ್ನೂದಿಲ್ಲ ಅಂದ್ರು.”

ಆ ಮಾತಿನ ಹಿಂದೆ ಏನಿರಬಹುದೆಂದು ಯೋಚಿಸುವ ಸ್ಥಿತಿಯಲ್ಲಿ ನಾಮದೇವ ಇರಲಿಲ್ಲ. ಪಾಂಡಪ್ಪ ಅವಸರದಲ್ಲಿ ನೀರು ಬಂದಾಗುವಂತೆ ನಳಿಗೆಯ ಕೀಲಿ ತಿರುವುವುದನ್ನು ಮರೆತಿದ್ದ. ಬೆಳಿಗ್ಗೆಯಿಂದ ಗಿಡಕ್ಕೆ ಸಮನಾಗಿ ಇಳಿಯಲಾರದೆ ಹೋದ ನೀರು ಈಗ ನಾಮದೇವನ ತೋಳಿನಿಂದ ಬಗಲಿಗೆ, ಬಗಲಿನಿಂದ ಬೆನ್ನಿಗೆ, ಬೆನ್ನಿನಿಂದ ಹಾಸಿಗೆಗೆ ಬಹಳ ಸಮನಾಗಿ ಇಳಿಯುತ್ತಿತ್ತು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಸದ್ದು ಬಂತು: ಗುಳುಗುಳು... ಗುಳುಗುಳು...

ಒಣಮಣ್ಣಿನ ಹೊಟ್ಟೆಯಲ್ಲಿದ್ದ ಗಾಳಿ ಡೋಣಿಯ ನೀರಿನಲ್ಲಿ ಮೇಲೇಳುತ್ತಿತ್ತು.

ಹುಲೆಪ್ಪ ಕಿವಿ ನಿಮಿರಿಸಿದ. “ಏನ್ರಿ ಅದು ಗುಳುಗುಳು?”

“ನನ್ನ ಹೊಟ್ಟಿ,” ಎಂದ ನಾಮದೇವ.

“ಹೊಟ್ಟಿ ಇಲ್ಲೈತಿ, ಸದ್ದು ಅಲ್ಲಿಂದ ಬಂತಲ್ಲರಿ?”

“ಅವರದು ಭಾಳ ಆಳದ ಬ್ಯಾನಿ,” ಎಂದರು ಮಾಸ್ತರರು.

ಹುಲೆಪ್ಪ ಒಳ್ಳೆಯ ಮನುಷ್ಯ. ಜಗತ್ತಿನಲ್ಲಿ ಒಳ್ಳೆಯ ಮನುಷ್ಯರಿಂದ ಆಗುವಷ್ಟು ತ್ರಾಸು ಕೆಟ್ಟವರಿಂದ ಆಗುವುದಿಲ್ಲ. ಬಾಟಲಿ ಮುಗಿಯುವ ತನಕ ಏಳುವುದಿಲ್ಲವೆಂದು ಅವನು ಬೀಸಣಿಕೆ ಹಿಡಿದು ಕೂತುಬಿಟ್ಟ. ರೋಗಿ ತಿನ್ನಬಾರದೆಂದು ಪಾಂಡಪ್ಪ ಹೇಳಿದ್ದರಿಂದ ಮೋಸಂಬಿಯನ್ನು ಸುಲಿದು ಪಾಂಡಪ್ಪ, ಮಾಸ್ತರ, ಹುಲೆಪ್ಪ ಮೂವರೂ ತಿಂದರು. ಹಸಿದಿದ್ದ ನಾಮದೇವ ತೊಯ್ದ ಹಾಸಿಗೆಯ ಮೇಲೆ ಮಲಗಿ, ತೊಳೆ ತೊಳೆಯಾಗಿ ಇಲ್ಲವಾಗುತ್ತಿದ್ದ ಮೋಸಂಬಿಯನ್ನು ನೋಡಿದ. ಒಮ್ಮೆ ಹೊಟ್ಟೆ ನಿಜವಾಗಿಯೇ ಗುಳುಗುಳು ಎಂದಿತು.

ಹುಲೆಪ್ಪ ಎದ್ದು ಹೋಗುವಾಗ ಬಿಸಿಲು ಇಳಿಮುಖವಾಗಿತ್ತು.

ನಾಮದೇವ ಒದ್ದೆ ಅಂಗಿಯಲ್ಲೇ ಡೋಣಿಗೆ ಓಡಿದ. ಗಿಡ ಮುಳುಗಿ ಸತ್ತಿರುತ್ತದೆ, ಇಲ್ಲವೇ ಎಮ್ಮೆ ತಿಂದಿರುತ್ತದೆ. ಮೂರನೆಯದೊಂದು ಅವನಿಗೆ ಹೊಳೆದಿರಲಿಲ್ಲ. ಗೋಣಿತಟ್ಟು ಸರಿಸಿದ. ಗೊಂಚಲು ಎದ್ದು ಕೂತು ಅವನನ್ನೇ ನೋಡುತ್ತಿತ್ತು. ಜೋತುಬಿದ್ದಿದ್ದ ಎಲೆಗಳು ಅರ್ಧ ಬಿಚ್ಚಿಕೊಂಡಿದ್ದವು. ಕುಂಡ ಎತ್ತಲು ಹೋದರೆ ಕೈ ಜಗ್ಗಿತು. ಬೆಳಿಗ್ಗೆಗಿಂತ ಎರಡರಷ್ಟು ಭಾರ. ಶೇವಂತಿ ಮತ್ತೊಂದು ಕಡ್ಡಿ ತಂದು ಚುಚ್ಚಿದಳು. ನಡುವೆ, ಬದಿಗೆ, ಅಂಚಿಗೆ, ಎಲ್ಲಿ ಚುಚ್ಚಿದರೂ ನಾದಿದ ಹಿಟ್ಟಿನಲ್ಲಿ ಇಳಿದಂತೆ ಇಳಿಯಿತು. ಕೆಳಗಿನ ತೂತಿನಿಂದ ನೀರು ಕುಡಿಯುತ್ತ ಕುಡಿಯುತ್ತ ಮಣ್ಣು ಬುಡದಿಂದ ತಲೆಯವರೆಗೆ ತೋಯ್ದಿತ್ತು. ಕುಗ್ಗಿದ್ದು ಉಬ್ಬಿ, ಗೋಡೆಯ ಸಂದಿಯೂ ಮುಚ್ಚಿಹೋಗಿತ್ತು.

“ಅಂದ್ರ ಮ್ಯಾಲಿಂದ ಹಾಕೂದಲ್ಲ, ಕೆಳಗಿಂದ ಕುಡಿಸೂದು!” ಎಂದ ನಾಮದೇವ, ಕಚೇರಿಯ ಅರ್ಧ ಆಯುಷ್ಯದಲ್ಲಿ ಮೊದಲ ಸಲ ಏನನ್ನೋ ಕಂಡುಹಿಡಿದವನಂತೆ.

ಬಿಸಿಲು ತಣ್ಣಗಾಗುವಷ್ಟರಲ್ಲಿ ಮಹಾಬಳೇಶ್ವರ ಮದುವಣಿಗನಾಗಿ ನಿಂತಿದ್ದ. ಎಲೆಗಳ ನಡುವೆ ಒಂದು ಹೊಸ ಮೊಗ್ಗೂ ಕಂಡಿತು.

“ನಾ ದೃಷ್ಟಿ ತಗದಿದ್ದಕ್ಕ,” ಎಂದಳು ಸಾತವ್ವ. “ಮತ್ತ ಡೋಣಿ ಯಾರದೋ?”

“ನಾ ತೂತು ಹೊಡದಿರಲಿಕ್ರ ನೀರು ಒಳಗ ಎಲ್ಲಿಂದ ಹೊಕ್ಕೊಂತಿತ್ತು?” ಎಂದರು ಮಾಸ್ತರರು.

“ಹಗರಕ ಹಗರಕ ಸಲಾಯಿನ್ ಕೆಲಸಾ ಮಾಡೇತಿ,” ಎಂದ ಪಾಂಡಪ್ಪ.

ಹೀಗೆ ಒಬ್ಬನ ಗಿಡ ಮೂವರ ಪ್ರತಾಪವಾಗಿ, ನಾಲ್ವರೂ ಸೇರಿ ಅದನ್ನು ಸಾಹೇಬರ ಮನೆಗೆ ಮೆರವಣಿಗೆಯಲ್ಲಿ ಒಯ್ದರು. ಮುಂದೆ ಕುಂಡ ಹೊತ್ತ ನಾಮದೇವ. ಬೆನ್ನು ಇನ್ನೂ ತೊಯ್ದೇ ಇತ್ತು. ಎದೆ ಮಾತ್ರ ಉಬ್ಬಿತ್ತು. ಉಳಿದ ಮೂವರು ಗೇಟಿನಲ್ಲಿ ನಿಂತರು, ಹೊಗಳಿಕೆ ಬಂದರೆ ಕೇಳಿಸುವಷ್ಟು ಹತ್ತಿರದಲ್ಲಿ.

ಸಾಹೇಬರ ಮನೆಯಲ್ಲಿ ಶಿರಾದ ಘಮ ತುಂಬಿತ್ತು. ಸಾಹೇಬರು ಜೋಕಾಲಿಯ ಮೇಲೆ ಕೂತು ಏನೋ ಹಾಡು ಗುನುಗುತ್ತಿದ್ದರು. ನಾಮದೇವ ಒಳಗೆ ಬಂದು ಕುಂಡವನ್ನು ಅವರೆದುರು ಇಳಿಸಿ, “ಸಾಹೇಬ್ರ, ನಿಮ್ಮ ವಸ್ತು ನಿಮಗ ಒಪ್ಪಿಸೀನಿ,” ಎಂದ.

ಜೋಕಾಲಿ ನಿಂತಿತು. ಗುನುಗು ನಿಂತಿತು. ಕೈಯಲ್ಲಿ ಶಿರಾದ ತಟ್ಟೆ ಹಿಡಿದು ಹೊರಬಂದ ವತ್ಸಲಾಬಾಯಿಯ ಮುಖ ಒಡೆದ ಹಾಲಿನಂತಾಯಿತು.

“ಅಯ್ಯ! ಇದು ಇನ್ನೂ ಅದ?”

“ಅದರಿ ಬಾಯಾರ. ಬುಡದಿಂದ ತುದೀತನಾ ಮಣ್ಣು ಸಮನಾಗಿ ತೊಯ್ಸೀನಿ. ಹೊಸಾ ಮೊಗ್ಗೂ ಬಂದೈತಿ ನೋಡ್ರಿ.”

“ಮೊಗ್ಗು ಬ್ಯಾರೆ!” ವತ್ಸಲಾಬಾಯಿ ತಟ್ಟೆಯನ್ನು ಕೆಳಗಿಟ್ಟು ಗಂಡನ ಕಡೆ ತಿರುಗಿದರು. ನಾಮದೇವ ಅಲ್ಲಿದ್ದಾನೆಂಬುದನ್ನೇ ಅವರು ಮರೆತಂತಿತ್ತು. “ನಾ ಬಡಕೊಂಡೆ, ಗಿರಿಮಲ್ಲಪ್ಪನ ಕೈಯಾಗ ಕೊಡೋಣು ಅಂತ. ನೀವss ‘ನಾಮದೇವನ ಕೈಗೆ ಹೋದದ್ದು ಇವತ್ತಿನ ತನಕಾ ಒಂದೂ ಉಳಿದಿಲ್ಲ, ಗಡಿಯಾರ ನಿಂತದ, ಗಿಳಿ ಹೋಗೇದ, ನೀ ನಿಶ್ಚಿಂತಿ ಇರು’ ಅಂದ್ರಿ. ಈಗ ನೋಡ್ರಿ! ತಿಂಗಳಾ ತಿಂಗಳಾ ಆ ದೊಡ್ಡ ಬಾಯಿ ಗಿಡಾ ನೋಡೋ ನೆವಕ್ಕ ಜೀಪು ತುಂಬಾ ಮಂದಿ ಕರಕೊಂಡು ಬರೂದು, ಮೂರು ದಿನಾ ಠಿಕಾಣಿ ಹಾಕೂದು, ಹೋಗುವಾಗ ಬನಹಟ್ಟಿಗೆ ಹೋಗಿ ಸೀರಿ ಆರಿಸೂದು, ರೊಕ್ಕಾ ನೀವು ಕೊಡೂದು! ಇನ್ನ ಗಿಡಾ ಹೋತು, ಪೀಡಾ ಹೋತು ಅಂತ ಶಿರಾ ಮಾಡಿದ್ನೆಲ್ಲ ನಾನು!”

ನಾಮದೇವ ಕುಂಡವನ್ನೊಮ್ಮೆ, ಶಿರಾದ ತಟ್ಟೆಯನ್ನೊಮ್ಮೆ ನೋಡಿದ.

“ಹುಲೆಪ್ಪ ಬಂದು ಹೇಳಿದಾಗ ಖರೇನ ಅನಿಸ್ತಲ್ಲೇ,” ಎಂದರು ಸಾಹೇಬರು, ಅಪರಾಧಿಯ ದನಿಯಲ್ಲಿ. “ಕುಂಡ ಎಲ್ಲಿ ಅಂದ್ರ ಇವನ ಹೊಟ್ಟಿ ಗುಳುಗುಳು ಅಂದಿತಂತ. ಗಿಡಾ ಸತ್ತದ, ಆ ಅಂಜಿಕಿಗೇ ಪಾಪ ಇವಗ ಸಲಾಯಿನ್ ಹಚ್ಯಾರ ಅಂತ ತಿಳಕೊಂಡೆ.”

“ತಿಳಕೊಂಡು ಸುಮ್ಮನಿದ್ರೇನು? ಖುಷಿಯೊಳಗ, ಪಾಪದ ಮನಷ್ಯಾ ಇಲ್ಲೇ ಇರಲಿ, ಗಿರಿಮಲ್ಲಪ್ಪನ್ನ ಬೀಳಗಿಗೆ ಒಗೀತೀನಿ ಅಂತ ಹುಲೆಪ್ಪನ ಮುಂದ ಡಂಗುರಾನೂ ಹೊಡದ್ರಿ!”

ನಾಮದೇವನ ಕಾಲ ಕೆಳಗಿನ ನೆಲ ಕುಂಡದ ಮಣ್ಣಿನಂತೆ ಮೆತ್ತಗಾಯಿತು. ಗಿಡ ಸತ್ತಿದ್ದರೆ ಅವನು ಜಮಖಂಡಿಯಲ್ಲಿ ಬದುಕಿರುತ್ತಿದ್ದ. ಬೆಳಿಗ್ಗೆ ಶೇವಂತಿ ಎಬ್ಬಿಸಿದಾಗ ಮಗ್ಗಲು ಬದಲಿಸಿ ಮಲಗಿದ್ದರೂ ಸಾಕಿತ್ತು. ಜನ್ಮದಲ್ಲಿ ಒಮ್ಮೆ ಒಂದು ಕೆಲಸ ಸರಿಯಾಗಿ ಮಾಡಿದ್ದ.

ಗೇಟಿನ ಕಡೆಯಿಂದ ಮೆಲುದನಿಗಳು ಕೇಳಿದವು. “ನಾ ಬರೇ ಎರಡ ಮೆಣಸಿನಕಾಯಿ ಸುಟ್ಟಿದ್ನಪಾ,” ಎಂದಿತು ಸಾತವ್ವನ ದನಿ. “ನಾ ಹೊಡದ ತೂತಿನಿಂದ ಲುಕ್ಸಾನ ಆಗಿತ್ತು, ಉಪಯೋಗ ಏನೂ ಆಗಿದ್ದಿಲ್ಲ,” ಎಂದಿತು ಮಾಸ್ತರರದು. ಪಾಂಡಪ್ಪನ ದನಿ ಕೇಳಲೇ ಇಲ್ಲ. ಅವನು ಆಗಲೇ ತಿರುವಿನಲ್ಲಿದ್ದ.

ಸಾಹೇಬರು ಕೆಮ್ಮಿದರು. ಕೆಮ್ಮಿನೊಂದಿಗೆ ಅವರ ಸರಕಾರಿ ದನಿ ತಿರುಗಿ ಬಂತು. “ನಾಮದೇವಾ, ನೀ ಇಷ್ಟು ಹುಷಾರ್ ಮನಷ್ಯಾ ಅಂತ ನನಗ ಗೊತ್ತಿದ್ದಿಲ್ಲ. ಇಂಥಾ ಜವಾಬ್ದಾರಿ ಮನಷ್ಯಾ ಜಮಖಂಡ್ಯಾಗ ಕೊಳೀಬಾರದು. ಬೀಳಗಿ ಕಚೇರಿಗೆ ನಿನ್ನಂಥವರ ಗರಜು ಭಾಳ ಅದ.”

“ಸಾಹೇಬ್ರ, ಗಿಡಾ ಬೇಕಾರ ಇನ್ನೂ ಒಂದು ವಾರ ನನ್ನ ಹತ್ರ ಬಿಡ್ರಿ,” ನಾಮದೇವ ಗೋಗರೆದ. “ಈ ಸಲ ಸರಿಯಾಗಿ... ಮೊದಲಿನಂಗ ನೋಡ್ಕೊಂತೀನಿ.”

ಸಾಹೇಬರ ಕಣ್ಣು ಮಿನುಗಿತು. ಅವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಅವರ ಮುಖ ನೋಡಿದರು. ಇಬ್ಬರ ಮುಖದಲ್ಲೂ ಒಂದೇ ವಿಚಾರ ಸಮನಾಗಿ ಇಳಿಯಿತು.

“ಬಿಡಬೇಕು, ಖರೆ ಅದ,” ಎಂದರು ಸಾಹೇಬರು. “ಒಂದು ವಾರ ಯಾಕ, ಕಾಯಂ ಬಿಟ್ಟೆ. ನಿನ್ನ ಕೈಗುಣ ಅದಕ್ಕ ಹತ್ತೇದ. ಬೀಳಗಿಗೆ ಒಯ್ಯಿ. ದೊಡ್ಡ ಬಾಯಿಸಾಹೇಬರಿಗೆ ನಾ ಇವತ್ತ ಫೋನ್ ಮಾಡಿ ತಿಳಸ್ತೀನಿ, ಮಹಾಬಳೇಶ್ವರ ಇನ್ನ ನಾಮದೇವನ ಮನ್ಯಾಗ ಇರ್ತಾನ, ನೋಡಬೇಕಾದ್ರ ಅಲ್ಲೇ ಹೋಗ್ರಿ ಅಂತ.”

ವತ್ಸಲಾಬಾಯಿ ಸಮಾಧಾನದಿಂದ ಶಿರಾದ ತಟ್ಟೆಯನ್ನು ನಾಮದೇವನ ಮುಂದೆ ಸರಿಸಿದರು. “ತಿನ್ನಿರಿ. ಇವತ್ತು ಹೊಟ್ಟಿ ಸರಿ ಇದ್ದಿಲ್ಲಂತ, ಸ್ವಲ್ಪೇ ತಿನ್ನಿರಿ.”

ಆ ವಾರವೇ ನಾಮದೇವ ಬೀಳಗಿಯ ಬಸ್ಸು ಹತ್ತಿದ. ಹಾಸಿಗೆ ಸುರುಳಿ ಬಸ್ಸಿನ ಮೇಲೆ, ಕುಂಡ ತೊಡೆಯ ಮೇಲೆ. ಬೀಳ್ಕೊಡಲು ಬಂದ ಗಿರಿಮಲ್ಲಪ್ಪ ಹಾರ ತಂದಿದ್ದ; ಅದನ್ನು ನಾಮದೇವನಿಗೆ ಹಾಕಬೇಕೋ ಗಿಡಕ್ಕೆ ಹಾಕಬೇಕೋ ತಿಳಿಯದೆ ಕೊನೆಗೆ ಗಿಡಕ್ಕೆ ಹಾಕಿದ. ಶೇವಂತಿ ಕಿಟಕಿಯ ಹತ್ತಿರ ಬಂದು, “ಆ ದೊಡ್ಡ ಬಾಯಿ ಸೀರಿ ಆರಸಾಕ ಹೋದ್ರ, ನನಗೂ ಒಂದು ತಗೋಬೇಕು ನೋಡ್ರಿ ಮತ್ತ,” ಎಂದಳು.

ಬಸ್ಸು ಊರು ದಾಟಿ ಹೊಲಗಳ ನಡುವೆ ಕುಲುಕತೊಡಗಿತು. ಹೊರಡುವ ಮೊದಲು ಅಭ್ಯಾಸಬಲದಿಂದ ನಾಮದೇವ ಕುಂಡವನ್ನು ಡೋಣಿಯಲ್ಲಿಟ್ಟು ಗುಳುಗುಳು ನಿಲ್ಲುವವರೆಗೆ ಕುಡಿಸಿಯೇ ತಂದಿದ್ದ. ಕುಡಿದದ್ದು ಹೆಚ್ಚಾಗಿತ್ತು. ಒಂದೊಂದು ಕುಲುಕಿಗೂ ನಾಲ್ಕು ಹನಿ ತೂತಿನಿಂದ ಇಳಿದು ಅವನ ಹೊಸ ಪಾಟಲೋನು ಎರಡೂ ತೊಡೆಗೆ ಸಮನಾಗಿ ತೊಯ್ಯುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ರುಮಾಲಿನ ಮುದುಕ ಬಹಳ ಹೊತ್ತಿನಿಂದ ಕುಂಡವನ್ನೂ ಪಾಟಲೋನನ್ನೂ ನೋಡುತ್ತಿದ್ದವನು, ಇನ್ನು ತಡೆಯಲಾರೆ ಎಂಬಂತೆ ಹತ್ತಿರ ಸರಿದ.

“ಏನ್ರೀ ಸಾಹೇಬ್ರ, ನೋಡಿದ್ರ ಓದಿದವರು ಕಾಣ್ತೀರಿ. ಗಿಡಕ್ಕ ನೀರು ಹಾಕೂ ರೀತಿ ಇದಲ್ಲರಿ. ಹೇಳ್ತೀನಿ ಕೇಳ್ರಿ...”